ನಾಯಿಗೆ ಶೇಂಗಾ ಬೆಣ್ಣೆ: ಒಂದು ವಿವೇಚನೆ

ಪುಣೆಯ ಪಶ್ಚಿಮಕ್ಕಿರುವ ಕೋಥರೂಡವು ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿಯಾಗಿದ್ದಿತು. ಇಂದು ಕರ್ವೆ ರಸ್ತೆ, ಪೌಡ ರಸ್ತೆಗಳ ಇಕ್ಕೆಲಗಳಲ್ಲಿ ಬಹುಮಹಡಿಯ ವಸತಿಗೃಹಗಳು ತುಂಬಿಕೊಂಡಿವೆ. ಧಾರವಾಡ, ವಿಜಾಪುರ, ಬೆಳಗಾವಿಗಳ ಕಡೆಯಿಂದ ಬಂದು ನೆಲಸಿದ ಕನ್ನಡ ಕುಟುಂಬಗಳೂ ಅಲ್ಲಿ ವಿರಳವಲ್ಲ. ಬೆಳಗಿನ ಹೊತ್ತು ಮ್ಹಾತೋಬಾ ಟೇಕಡಿಯನ್ನು ಏರುವವರಲ್ಲಿ ಹಲವರ ಕೈಯಲ್ಲಿ ನಾಯಿಯ ಸರಪಳಿ ಕಾಣುತ್ತದೆ. ಊರಿನಲ್ಲಿ ಹಿತ್ತಲನ್ನು ಕಾಯುತ್ತಿದ್ದ ನಾಯಿ ಇಲ್ಲಿ ನಾಲ್ಕನೆಯ ಮಹಡಿಯ ಪಡಸಾಲೆಯಲ್ಲಿ ಮಲಗುತ್ತದೆ. ವಾಸಸ್ಥಾನ ಬದಲಾದಂತೆ ಅದರ ಆಹಾರವೂ ಬದಲಾಯಿತು. ಜೋಳದ ರೊಟ್ಟಿಯ ಚೂರು, ಹಾಲು, ಅನ್ನಗಳ ಜಾಗಕ್ಕೆ ಪೊಟ್ಟಣದ ಬಿಸ್ಕತ್ತುಗಳು ಬಂದವು. ಈಚೆಗೆ ಕಿರಾಣಿ ಅಂಗಡಿಗಳಲ್ಲಿಯೂ ‘ಪೀನಟ್ ಬಟರ್’ ಎಂಬ ಹೆಸರಿನಿಂದ ದೊರೆಯುವ ಶೇಂಗಾ ಬೆಣ್ಣೆಯ ಬಾಟಲಿಯಲ್ಲಿ ನಾಯಿಗೂ ಒಂದು ಪಾಲು ದೊರೆತಿದೆ. ಗುಳಿಗೆಯನ್ನು ನುಂಗಿಸಲು, ಒಂಟಿಯಾಗಿ ಬಿಟ್ಟುಹೋಗುವಾಗ ಸಮಾಧಾನಪಡಿಸಲು, ಸ್ನಾನಕ್ಕೆ ಒಲಿಸಲು ಇದಕ್ಕಿಂತ ಸುಲಭವಾದ ಉಪಾಯ ಮತ್ತೊಂದಿಲ್ಲವೆಂದು ಸಾಕುವವರ ಅನುಭವ. ಈ ಪದ್ಧತಿ ಎಷ್ಟರಮಟ್ಟಿಗೆ ಕ್ಷೇಮಕರ, ಎಲ್ಲಿ ಅಪಾಯಕರ ಎಂಬುದನ್ನು ತಿಳಿಯುವುದು ಅವಶ್ಯಕ. ಏಕೆಂದರೆ ಇಲ್ಲಿ ಆಗುವ ತಪ್ಪು ಕೆಲವು ಸಂದರ್ಭಗಳಲ್ಲಿ ಗಂಟೆಗಳೊಳಗೆ ಪ್ರಾಣಾಪಾಯವನ್ನು ತರಬಲ್ಲದು.

ಮೊದಲು ಹೆಸರಿನ ವಿಚಾರ. ಹಳೆಯ ಮೈಸೂರಿನವರ ಕಡಲೆಕಾಯಿ, ಕರಾವಳಿಯವರ ನೆಲಗಡಲೆ, ಉತ್ತರ ಕರ್ನಾಟಕದವರ ಶೇಂಗಾ ಇವು ಮೂರೂ ಒಂದೇ. ಶೇಂಗಾ ಎಂಬುದು ಕೋಡು ಎಂಬರ್ಥದ ಮರಾಠೀ ಶಬ್ದದಿಂದ ಬಂದುದು. ಆದರೆ ಮರಾಠೀ ರೈತನು ಬೆಳೆಯನ್ನು ‘ಭುಯಿಮೂಗ’, ಎಂದರೆ ನೆಲದ ಹೆಸರು, ಎಂದು ಕರೆಯುತ್ತಾನೆ. ನಮ್ಮವರು ಕಡಲೆಯನ್ನು ಕಂಡಲ್ಲಿ ಅವರು ಹೆಸರುಕಾಳನ್ನು ಕಂಡರು, ಇಷ್ಟೇ ವ್ಯತ್ಯಾಸ. ಈ ಗಿಡ ದಕ್ಷಿಣ ಅಮೆರಿಕದ್ದು. ಆದುದರಿಂದಲೇ ಶ್ವಾನವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿರುವ, ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಾಗಲಿ, ಸ್ಥಾವರ ಜಂಗಮ ವಿಷಗಳನ್ನು ವಿಸ್ತಾರವಾಗಿ ವಿವರಿಸುವ ಮಂಗರಾಜನ ಖಗೇಂದ್ರಮಣಿದರ್ಪಣದಲ್ಲಾಗಲಿ ಪ್ರಕೃತ ವಿಷಯಕ್ಕೆ ಸಹಾಯವನ್ನು ಹುಡುಕುವಂತಿಲ್ಲ. ಇನ್ನು ‘ಬೆಣ್ಣೆ’ ಎಂಬ ಮಾತು. ಬಿಳಿದು ಎಂಬರ್ಥದ ‘ವೆಣ್’ ಶಬ್ದಕ್ಕೆ ‘ನೆಯ್’ ಸೇರಿ ಬೆಣ್ಣೆಯಾದುದೂ, ‘ಎಳ್’ ಶಬ್ದಕ್ಕೆ ‘ನೆಯ್’ ಸೇರಿ ಎಣ್ಣೆಯಾದುದೂ ಭಾಷಾಶಾಸ್ತ್ರವನ್ನು ಬಲ್ಲವರಿಗೆ ತಿಳಿದ ಸಂಗತಿ. ಈ ಲೆಕ್ಕದಲ್ಲಿ ಶೇಂಗಾ ಬೆಣ್ಣೆಯು ಬೆಣ್ಣೆಗಿಂತ ಎಣ್ಣೆಗೇ ಹತ್ತಿರದ ನಂಟ. ಅದರಲ್ಲಿ ಹಾಲಿನ ಅಂಶವಿಲ್ಲ. ಹುರಿದ ಕಾಳನ್ನು ಅದರ ಎಣ್ಣೆಯೇ ಹೊರಬಂದು ಮುದ್ದೆಯಾಗುವವರೆಗೆ ಅರೆದುದು ಅದು. ಮಾಂಟ್ರಿಯಲ್ ನಗರದ ಮಾರ್ಸೆಲಸ್ ಗಿಲ್ಮೋರ್ ಎಡ್ಸನ್ ಎಂಬುವನು 1884ರಲ್ಲಿ ಇಂತಹ ಮುದ್ದೆಗೆ ಅಮೆರಿಕದ ಪೇಟೆಂಟು ಪಡೆದನು. ನೂರು ಗ್ರಾಮಿನಲ್ಲಿ ಸುಮಾರು 50 ಗ್ರಾಮು ಕೊಬ್ಬು, 25 ಗ್ರಾಮು ಸಸಾರಜನಕ. ಶಕ್ತಿಯ ಮಾನದಲ್ಲಿ 590 ಕ್ಯಾಲೊರಿಗಳಷ್ಟು.

ಶೇಂಗಾ ಸ್ವತಃ ನಾಯಿಗೆ ವಿಷವಲ್ಲ. ಅಪಾಯವಿರುವುದು ಶೇಂಗಾದ ಮೇಲೆ ಬೆಳೆಯುವುದರಲ್ಲಿ ಮತ್ತು ಶೇಂಗಾದೊಡನೆ ಬೆರಸುವುದರಲ್ಲಿ. ಈ ಎರಡು ಅಪಾಯಗಳ ಹಿಂದೆಯೂ ಒಂದೊಂದು ತಪ್ಪು ಎಣಿಕೆ ಇದೆ. ಮನುಷ್ಯರಿಗೆ ಆಗದಿದ್ದುದು ನಾಯಿಗೆ ನಡೆಯುತ್ತದೆ ಎಂಬುದು ಹಳೆಯ ಎಣಿಕೆ. ಮನುಷ್ಯರಿಗೆ ಹಿತವಾದುದು ನಾಯಿಗೂ ಹಿತ ಎಂಬುದು ಹೊಸದು. ಒಂದು ಅನಾದರದಿಂದ ಹುಟ್ಟಿದ್ದು, ಇನ್ನೊಂದು ಅತಿಯಾದ ಅಕ್ಕರೆಯಿಂದ. ಪರಿಣಾಮದಲ್ಲಿ ಎರಡಕ್ಕೂ ಭೇದವಿಲ್ಲ.

ಹಳೆಯ ಎಣಿಕೆಯನ್ನು ಮೊದಲು ನೋಡಬಹುದು. ಹಳಸಿದ್ದು, ಮುಗ್ಗಿದ್ದು, ಹುಳ ಹಿಡಿದದ್ದು ನಾಯಿಗೆ ಎಂಬುದು ಮನೆಮನೆಯ ವ್ಯವಹಾರ. ಆದರೆ ನಮ್ಮ ಸಂಪ್ರದಾಯವೆಲ್ಲವೂ ಹೀಗೆಯೇ ಇದೆಯೆಂದು ಹೇಳುವಂತಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿಯೂ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿಯೂ ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ನಡೆಯುತ್ತಾರೆ. ಪುಣೆ ಜಿಲ್ಲೆಯ ಜೇಜುರಿಯ ಖಂಡೋಬನ ಸನ್ನಿಧಿಯಲ್ಲಿ ವಾಘ್ಯಾಗಳದೂ ಅದೇ ಭಾವ. ಗೊರವರ ದೋಣಿಗೆ ಭಕ್ತರು ಹಾಕುವುದು ಹಾಲು, ತುಪ್ಪ, ಬಾಳೆಹಣ್ಣುಗಳಂತಹ ಪದಾರ್ಥಗಳನ್ನೇ ಹೊರತು ಮುಗ್ಗಿದ ಕಾಳನ್ನಲ್ಲ. ಕನ್ನಡ ಮರಾಠಿಗಳೆರಡಕ್ಕೂ ಸಮಾನನಾದ ಈ ದೈವದ ಆಚಾರದಲ್ಲಿ ನಾಯಿಯ ಪಾತ್ರೆಗೆ ಸಲ್ಲುವ ಮರ್ಯಾದೆ ನಮ್ಮ ಅಡಿಗೆಮನೆಗಳಲ್ಲಿ ಸಲ್ಲದಿರುವುದು ವಿಚಿತ್ರವೇ ಸರಿ. ಶೇಂಗಾದ ಸಂಬಂಧದಲ್ಲಂತೂ ಇದು ಕೇವಲ ಮರ್ಯಾದೆಯ ಪ್ರಶ್ನೆಯಲ್ಲ.

1960ರಲ್ಲಿ ಇಂಗ್ಲೆಂಡಿನ ಸಾಕಣೆಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕು ಟರ್ಕಿ ಕೋಳಿಮರಿಗಳು ಸತ್ತವು. ರೋಗಾಣು ಯಾವುದೂ ಸಿಕ್ಕದೆ, ಮೊದಮೊದಲು ಅದನ್ನು ‘ಟರ್ಕಿ ಎಕ್ಸ್ ರೋಗ’ವೆಂದು ಕರೆದರು. ಪತ್ತೆಹಚ್ಚುತ್ತ ಹೋದಂತೆ ಕಾರಣವು ಬ್ರೆಜಿಲ್ ದೇಶದಿಂದ ಬಂದ ಶೇಂಗಾ ಹಿಂಡಿಯಲ್ಲಿ ಸಿಕ್ಕಿತು. ಅದರ ಮೇಲೆ ಬೆಳೆದಿದ್ದ ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಬೂಷ್ಟು ಒಂದು ವಿಷವನ್ನು ಸ್ರವಿಸಿತ್ತು. ಆ ಬೂಷ್ಟಿನ ಹೆಸರಿನ ಅಕ್ಷರಗಳನ್ನೇ ಕೂಡಿಸಿ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಯಕೃತ್ತನ್ನು ಕೆಡಿಸುವುದು ಅದರ ಮುಖ್ಯ ಗುಣ. ವಾಚಕರು ಗಮನಿಸಬೇಕಾದುದೇನೆಂದರೆ, ಕೋಳಿಮರಿಗಳಿಗಿಂತ ಮೊದಲೇ ನಾಯಿಗಳು ಈ ಎಚ್ಚರಿಕೆಯನ್ನು ಕೊಟ್ಟಿದ್ದವು. 1950ರ ದಶಕದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ನಾಯಿಗಳಿಗೆ ತಗಲಿದ್ದ, ‘ಹೆಪಟೈಟಿಸ್ ಎಕ್ಸ್’ ಎಂದು ಹೆಸರಾಗಿದ್ದ ಯಕೃತ್ತಿನ ರೋಗಕ್ಕೂ ಈ ವಿಷವೇ ಕಾರಣವೆಂಬುದು ಮುಂದಿನ ದಶಕದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಅಫ್ಲಟಾಕ್ಸಿನ್ನಿಗೆ ಬೇಗನೆ ಬಲಿಯಾಗುವ ಪ್ರಾಣಿಗಳಲ್ಲಿ ನಾಯಿಯೂ ಒಂದು.

ಈ ಎಚ್ಚರಿಕೆ ನಮ್ಮ ನೆರೆಯಲ್ಲಿಯೇ ಮತ್ತೊಮ್ಮೆ ದೊರೆಯಿತು. 1974ರ ಕೊನೆಯಲ್ಲಿ ಗುಜರಾತಿನ ಪಂಚಮಹಲ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆ, ಜಲೋದರಗಳ ಹಾವಳಿ ತೋರಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು 1975ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ರೋಗಕ್ಕೆ ಸಿಕ್ಕವರು 397 ಮಂದಿ. ಮರಣ ಹೊಂದಿದವರು 106. ಕಾಲವಲ್ಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬಡವರು ಬೇರೆ ದಾರಿಯಿಲ್ಲದೆ ಉಂಡಿದ್ದರು. ಅದೇ ಮನೆಗಳ ಆಹಾರವನ್ನು ತಿಂದ ನಾಯಿಗಳೂ ಕಾಮಾಲೆ, ಜಲೋದರಗಳಿಂದಲೇ ಸತ್ತವು. ಅಲ್ಲಿಯ ಧಾನ್ಯ ಶೇಂಗಾ ಅಲ್ಲ, ನಿಜ. ಆದರೆ ಬೂಷ್ಟು ಅದೇ, ವಿಷವೂ ಅದೇ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಪೊಟ್ಟಣದ ಆಹಾರದಿಂದ ನೂರಕ್ಕೂ ಹೆಚ್ಚು ನಾಯಿಗಳು ಸತ್ತಾಗಲೂ ದೋಷವು ಈ ವಿಷದಲ್ಲಿಯೇ ಕಂಡುಬಂದಿತು.

ವಿಷವು ಕಾಳನ್ನು ಸೇರುವ ಬಗೆಯನ್ನು ತಿಳಿದರೆ ಅದನ್ನು ದೂರವಿಡುವ ಬಗೆಯೂ ತಾನಾಗಿ ತಿಳಿಯುತ್ತದೆ. ಕಾಯಿ ಬಲಿಯುವ ಕಾಲಕ್ಕೆ ಬರ ಬಂದರೆ ನೆಲದೊಳಗಿರುವಾಗಲೇ ಬೂಷ್ಟು ತಗಲಬಹುದು. ಕಿತ್ತ ಮೇಲೆ ಚೆನ್ನಾಗಿ ಒಣಗಿಸದಿದ್ದರೆ, ಹುಳವು ಸಿಪ್ಪೆಯನ್ನು ಕೊರೆದಿದ್ದರೆ, ಚೀಲವು ತೇವದ ನೆಲದ ಮೇಲಿದ್ದರೆ ಅದು ಹೆಚ್ಚುತ್ತದೆ. ಚಳ್ಳಕೆರೆ, ಪಾವಗಡಗಳ ಕಡೆಯ ಒಣ ಸೀಮೆಯ ಬೆಳೆಗಾರನಿಗೆ ಮೊದಲನೆಯ ಭಯವಾದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ತೇವದ ಗಾಳಿ ಬೀಸುವ ಪುಣೆಯ ಗೃಹಿಣಿಗೆ ಕೊನೆಯದು. ಹುರಿಯುವುದರಿಂದ ವಿಷ ಸ್ವಲ್ಪ ಕಡಮೆಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಅಡಿಗೆಯ ಒಲೆಯ ಶಾಖ ಅದಕ್ಕೆ ಸಾಲದು. ಮುರುಟಿದ, ಬಣ್ಣಗೆಟ್ಟ, ಒಡೆದ, ಕಹಿಯಾದ ಕಾಳುಗಳಲ್ಲಿ ಅದು ಹೆಚ್ಚಾಗಿ ಸೇರಿರುತ್ತದೆ. ಆರಿಸಿ ತೆಗೆಯುವುದೇ ಬಹುಮಟ್ಟಿನ ರಕ್ಷಣೆ. ಆದರೆ ಹಾಗೆ ಆರಿಸಿ ತೆಗೆದ ಕಾಳುಗಳು ಮನೆಗಳಲ್ಲಿ ಎಲ್ಲಿಗೆ ಹೋಗುತ್ತವೆ? ನಾಯಿಯ ತಟ್ಟೆಗೆ. ಅಂದರೆ ಒಂದು ಚೀಲದ ವಿಷವೆಲ್ಲವನ್ನೂ ಶೋಧಿಸಿ, ಹತ್ತು ಕಿಲೋ ತೂಕದ ಒಂದು ಪ್ರಾಣಿಗೆ ಕೊಟ್ಟಂತಾಯಿತು. ಗಾಣದ ಹಿಂಡಿಗೂ ಇದೇ ಮಾತು ಅನ್ವಯಿಸುತ್ತದೆ. ಎಣ್ಣೆ ಹಿಂಡಿದ ಮೇಲೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿಯೇ ಉಳಿಯುತ್ತದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 75 ಪಾಲು ಶೇಂಗಾ ಹಿಟ್ಟಿಗೆ 25 ಪಾಲು ಕಡಲೆಹಿಟ್ಟನ್ನು ಬೆರಸಿ ಬಡ ಮಕ್ಕಳಿಗಾಗಿ ಬಹೂಪಯೋಗಿ ಆಹಾರವನ್ನು ರೂಪಿಸಿತ್ತು. ಇಂಗ್ಲೆಂಡಿನ ಸುದ್ದಿ ಬಂದ ಮೇಲೆ ಶೇಂಗಾ ಹಿಟ್ಟನ್ನು ಬಳಸುವವರೆಲ್ಲರೂ ಕಾಳಿನ ಆಯ್ಕೆಯನ್ನೂ ವಿಷದ ಪರೀಕ್ಷೆಯನ್ನೂ ಗಂಭೀರವಾಗಿ ಎಣಿಸಬೇಕಾಯಿತು. ಮಗುವಿಗೆ ಬೇಕಾದ ಈ ಎಚ್ಚರ ನಾಯಿಗೆ ಬೇಡವೆನ್ನಲು ಆಧಾರವಿಲ್ಲ.

ಇನ್ನು ಎರಡನೆಯ ಎಣಿಕೆ. ಸಿಹಿಮೂತ್ರರೋಗದವರಿಗೂ ಮೈ ಇಳಿಸಬಯಸುವವರಿಗೂ ಸಕ್ಕರೆಯಿಲ್ಲದ ಪದಾರ್ಥಗಳನ್ನು ಮಾಡುವಾಗ ಬಳಸುವ ಸಿಹಿಗಳಲ್ಲಿ ಜೈಲಿಟಾಲ್ ಒಂದು. 1890ರ ಸುಮಾರಿಗೆ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ವಸ್ತು ಬರ್ಚ್ ಎಂಬ ಮರದ ತಿರುಳಿನಿಂದಲೂ ಮೆಕ್ಕೆಜೋಳದ ದಿಂಡಿನಿಂದಲೂ ತಯಾರಾಗುತ್ತದೆ. ಮನುಷ್ಯನಲ್ಲಿ ಇದು ಇನ್ಸುಲಿನ್ನನ್ನು ಹೆಚ್ಚಾಗಿ ಕೆರಳಿಸುವುದಿಲ್ಲ. ಹಲ್ಲಿಗೂ ಒಳ್ಳೆಯದೆಂದು ಪ್ರಶಂಸೆ ಪಡೆದಿದೆ. ನಾಯಿಯ ದೇಹದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಜೈಲಿಟಾಲ್ ಬಹು ಬೇಗ ರಕ್ತಗತವಾಗಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಅಷ್ಟೇ ಗ್ಲೂಕೋಸಿಗಿಂತಲೂ ಎಷ್ಟೋ ಹೆಚ್ಚಾಗಿ ಹೊರಡಿಸುತ್ತದೆ. ಜಪಾನಿನ ಸಂಶೋಧಕರು 1960ರ ದಶಕದಲ್ಲಿಯೇ ಇದನ್ನು ತೋರಿಸಿದ್ದರು. ಇನ್ಸುಲಿನ್ ಏರಿತು, ಆದರೆ ಹೊಟ್ಟೆಗೆ ಸಕ್ಕರೆ ಬಂದಿಲ್ಲ. ಆಗ ರಕ್ತದಲ್ಲಿದ್ದ ಸಕ್ಕರೆಯೇ ಬರಿದಾಗುತ್ತದೆ. ಅರ್ಧದಿಂದ ಒಂದು ಗಂಟೆಯೊಳಗಾಗಿ ವಾಂತಿ, ತೂಕಡಿಕೆ, ಕಾಲುಗಳ ತಡವರಿಕೆ, ಸೆಳೆವುಗಳು ತೋರಬಹುದು. ಒಮ್ಮೊಮ್ಮೆ ಕೆಲವು ಗಂಟೆಗಳ ತಡವೂ ಆಗಬಹುದು.

ಪ್ರಮಾಣವನ್ನು ನೋಡಿದರೆ ಗಾಬರಿಯಾಗುವಂತಿದೆ. ನಾಯಿಯ ಒಂದು ಕಿಲೋ ತೂಕಕ್ಕೆ 0.1 ಗ್ರಾಮಿನಷ್ಟು ಜೈಲಿಟಾಲ್ ರಕ್ತದ ಸಕ್ಕರೆಯನ್ನು ಕುಸಿಯಿಸಬಲ್ಲದು, 0.5 ಗ್ರಾಮನ್ನು ಮೀರಿದರೆ ಯಕೃತ್ತಿಗೇ ಹಾನಿ. ಹತ್ತು ಕಿಲೋ ತೂಗುವ ನಾಯಿಗೆ ಮೊದಲನೆಯ ಮಿತಿ ಕೇವಲ ಒಂದು ಗ್ರಾಮು. ಒಂದು ಬಾಟಲಿಯ ತೂಕದಲ್ಲಿ ಹತ್ತನೆಯ ಒಂದು ಪಾಲು ಜೈಲಿಟಾಲ್ ಇದ್ದಲ್ಲಿ, ಚಹಾದ ಎರಡು ಚಮಚೆಯಷ್ಟರಲ್ಲಿಯೇ ಆ ಗ್ರಾಮು ತುಂಬುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಸಾಕುವವರಿಗೆ ಎಚ್ಚರಿಕೆ ನೀಡುವಾಗ ಶೇಂಗಾ ಬೆಣ್ಣೆಯಂತಹ ಪದಾರ್ಥಗಳನ್ನು ಸ್ಪಷ್ಟವಾಗಿ ಹೆಸರಿಸಿತು. ಎಲ್ಲ ಬಾಟಲಿಗಳಲ್ಲಿಯೂ ಇದು ಇರುತ್ತದೆಂದಲ್ಲ, ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಆದರೆ ಹೊರನಾಡಿನಿಂದ ಮಕ್ಕಳು ಕಳಿಸಿದ ಬಾಟಲಿ, ಸಕ್ಕರೆಯಿಲ್ಲದುದೆಂದು ದೊಡ್ಡಕ್ಷರದಲ್ಲಿ ಸಾರುವ ಬಾಟಲಿ, ಇವುಗಳ ಹಿಂಬದಿಯ ಸಣ್ಣಕ್ಷರಗಳನ್ನು ಓದದೆ ನಾಯಿಗೆ ಕೊಡಲಾಗದು. ಅಲ್ಲಿ ಜೈಲಿಟಾಲ್ ಎಂಬ ಹೆಸರೇ ಇರಬೇಕೆಂಬ ನಿಯಮವೂ ಇಲ್ಲ. 967 ಎಂಬ ಅಂಕೆಯಾಗಿ, ಬರ್ಚ್ ಸಕ್ಕರೆಯಾಗಿ, ಇಲ್ಲವೆ ‘ಶುಗರ್ ಆಲ್ಕೊಹಾಲ್’ ಎಂಬ ಸಾಮಾನ್ಯ ನಾಮದ ಮರೆಯಲ್ಲಿ ಅದು ನಿಂತಿರಬಹುದು. ಸಾಲಪತ್ರದ ಸಣ್ಣಕ್ಷರಗಳನ್ನು ಓದದೆ ಸಹಿ ಹಾಕುವವರ ಗತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜೈಲಿಟಾಲ್ ಇಲ್ಲವೆಂದ ಮಾತ್ರಕ್ಕೆ ಬಾಟಲಿ ನಿರ್ದೋಷಿಯೆನಿಸದು. ಚಾಕೊಲೇಟ್ ಬೆರೆತ ಶೇಂಗಾ ಬೆಣ್ಣೆ ಇಂದು ಬಹು ಪ್ರಚಲಿತ. ಕೋಕೋದಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ದೇಹ ಬಹು ನಿಧಾನವಾಗಿ ಅರಗಿಸುವುದರಿಂದ ಅದು ಹೃದಯವನ್ನೂ ನರಗಳನ್ನೂ ಪೀಡಿಸುತ್ತದೆ. ಉಪ್ಪು ಸೇರಿದುದೂ, ಪುಣೆಯ ಬೀದಿಗಳ ಖಾರೇ ದಾಣೆಯೂ ತಕ್ಕುದಲ್ಲ. ಲೋಣಾವಳಾದ ಚಿಕ್ಕಿ ವಿಷವಲ್ಲದಿದ್ದರೂ ಬೆಲ್ಲದ ಭಾರ ಮತ್ತು ಹಲ್ಲಿನ ಕ್ಲೇಶದ ದೃಷ್ಟಿಯಿಂದ ಅನುಚಿತ.

ಇಲ್ಲಿ ನಮ್ಮ ಕಡೆಯ ಒಂದು ಶಬ್ದದ ವಿಷಯದಲ್ಲಿ ಎಚ್ಚರ ಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ‘ಶೇಂಗಾ ಹಿಂಡಿ’ ಎಂದರೆ ಗಾಣದ ಹಿಂಡಿಯೂ ಆಗಬಹುದು, ಊಟದೆಲೆಯ ಚಟ್ನಿಪುಡಿಯೂ ಆಗಬಹುದು. ಮೊದಲನೆಯದು ಏಕೆ ಸಲ್ಲದೆಂಬುದನ್ನು ಮೇಲೆ ಹೇಳಿಯಾಯಿತು. ಎರಡನೆಯದೂ ಸಲ್ಲದು, ಕಾರಣ ಬೇರೆ. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳ ಗಂಧಕಯುಕ್ತ ವಸ್ತುಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಒಣಗಿಸಿ ಪುಡಿಮಾಡಿದಾಗ ಅವುಗಳ ಸಾಂದ್ರತೆ ಇನ್ನೂ ಹೆಚ್ಚು. ಕೆಲವು ಮನೆಗಳಲ್ಲಿ ಹುಣಸೆಹಣ್ಣನ್ನೂ ಸೇರಿಸುವ ರೂಢಿಯುಂಟು. ದ್ರಾಕ್ಷಿಯು ನಾಯಿಯ ಮೂತ್ರಪಿಂಡವನ್ನು ಕೆಡಿಸುವುದಕ್ಕೆ ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಿಂದೀಚೆಗೆ ವಿಷಶಾಸ್ತ್ರಜ್ಞರು ಅಭಿಪ್ರಾಯಪಟ್ಟಿದ್ದಾರೆ. ಅದೇ ಆಮ್ಲ ಹುಣಸೆಯಲ್ಲಿ ಧಾರಾಳವಾಗಿದೆ.

ಮೇಲಿನ ದೋಷಗಳಾವುವೂ ಇಲ್ಲದ ಶೇಂಗಾ ಬೆಣ್ಣೆಯನ್ನು ಎಷ್ಟು ಕೊಡಬಹುದು? ದಿನದ ಒಟ್ಟು ಆಹಾರಶಕ್ತಿಯಲ್ಲಿ ತಿನಿಸುಗಳ ಪಾಲು ಹತ್ತನೆಯ ಒಂದನ್ನು ಮೀರಬಾರದೆಂದು ಪಶುವೈದ್ಯರ ಸಾಮಾನ್ಯ ನಿಯಮ. ಹತ್ತು ಕಿಲೋ ತೂಕದ, ಸಾಧಾರಣ ಚಟುವಟಿಕೆಯ ಪ್ರಾಯದ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಬೇಕು. ಅದರ ಹತ್ತನೆಯ ಪಾಲು 63. ಚಹಾದ ಒಂದು ಚಮಚೆ, ಎಂದರೆ ಸುಮಾರು 5 ಗ್ರಾಮು, ಶೇಂಗಾ ಬೆಣ್ಣೆಯಲ್ಲಿ 30 ಕ್ಯಾಲೊರಿ. ಎರಡು ಚಮಚೆಗೆ ಲೆಕ್ಕ ಮುಗಿಯಿತು. ಅಂದು ಬೇರಾವ ತಿನಿಸೂ ಇಲ್ಲ. ಐದು ಕಿಲೋದ ನಾಯಿಗೆ ಒಂದು ಚಮಚೆ. ಇಪ್ಪತ್ತೈದು ಕಿಲೋದ ಲ್ಯಾಬ್ರಡಾರಿಗೆ ನಾಲ್ಕು. ಇದು ಪರಮಾವಧಿಯೇ ಹೊರತು ಪ್ರತಿದಿನದ ಪಡಿಯಲ್ಲ. ಮೇಜಿನ ದೊಡ್ಡ ಚಮಚೆಯಲ್ಲಿ ಅಳೆದರೆ ಒಂದೇ ಸಲಕ್ಕೆ 95 ಕ್ಯಾಲೊರಿ ಹೋಗುತ್ತದೆಂಬುದನ್ನು ಮರೆಯಬಾರದು. ಒಮ್ಮೆಲೇ ಹೆಚ್ಚು ಕೊಬ್ಬು ಬಿದ್ದರೆ ಮೇದೋಜೀರಕದ ಉರಿಯೂತ ತಲೆದೋರಬಹುದು. ಅದು ಅತ್ಯಂತ ಯಾತನೆಯ, ಕೆಲವೊಮ್ಮೆ ಮಾರಕವಾದ ವ್ಯಾಧಿ. ಒಮ್ಮೆ ಅದಕ್ಕೆ ಗುರಿಯಾದ ನಾಯಿಗೂ, ಸ್ಥೂಲಕಾಯದ್ದಕ್ಕೂ, ಮೂತ್ರಪಿಂಡ ಅಥವಾ ಹೃದಯದ ಬೇನೆಯುಳ್ಳದ್ದಕ್ಕೂ ವೈದ್ಯರನ್ನು ಕೇಳದೆ ಕೊಡಬಾರದು. ಮುಧೋಳದ ನಾಯಿಯನ್ನು ಪುಣೆಗೆ ತಂದು ಸಾಕಿದವರು ಅದರ ಪಕ್ಕೆಲುಬು ಕಾಣುವುದನ್ನು ನೋಡಿ ಕನಿಕರದಿಂದ ಹೆಚ್ಚು ತಿನ್ನಿಸುವುದುಂಟು. ತೆಳ್ಳಗಿರುವುದೇ ಆ ಬೇಟೆನಾಯಿಯ ತಳಿಯ ಲಕ್ಷಣ. ಅದಕ್ಕೆ ಎಣ್ಣೆಯಿಂದ ಚಿಕಿತ್ಸೆ ಬೇಕಾಗಿಲ್ಲ.

ಮನೆಯಲ್ಲಿಯೇ ಮಾಡಿಕೊಳ್ಳುವುದು ಎಲ್ಲಕ್ಕಿಂತ ಉತ್ತಮವೆಂದು ತೋರುತ್ತದೆ. ಒಳ್ಳೆಯ ಕಾಳನ್ನು ಬೆಳಕಿನಲ್ಲಿ ಆರಿಸಿ, ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಹಾರಿಸಿ, ಮಿಕ್ಸರಿನಲ್ಲಿ ಎಣ್ಣೆ ಬಿಡುವವರೆಗೆ ತಿರುವಿದರೆ ಆಯಿತು; ಉಪ್ಪು ಬೆಲ್ಲಗಳ ಅಗತ್ಯವಿಲ್ಲ. ಮಳೆಗಾಲದಲ್ಲಿ ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಮಾಡಿ ಫ್ರಿಜ್ಜಿನಲ್ಲಿಡಬೇಕು. ಮೊದಲ ಸಲ ಬೆರಳ ತುದಿಯಷ್ಟು ನೆಕ್ಕಿಸಿ, ತುರಿಕೆ, ಮುಖದ ಊತ, ವಾಂತಿಗಳು ಬರುವವೋ ಎಂದು ಒಂದು ದಿನ ಕಾದು ನೋಡುವುದು ಲೇಸು. ನಾಯಿಗಳಲ್ಲಿಯೂ ಶೇಂಗಾ ಒಗ್ಗದಂತಹವು ಅಪರೂಪಕ್ಕೆ ಇರುತ್ತವೆ. ಇದು ಅಂಗುಳಿಗೆ ಅಂಟುವ ಪದಾರ್ಥವಾದುದರಿಂದ ಉಂಡೆಯಾಗಿ ಕೊಡದೆ ತಟ್ಟೆಗೋ ರಬ್ಬರಿನ ಆಟಿಕೆಗೋ ತೆಳುವಾಗಿ ಸವರಿ, ಪಕ್ಕದಲ್ಲಿ ನೀರಿಡಬೇಕು. ಚಪ್ಪಟೆ ಮೂಗಿನ ಪಗ್ ಮೊದಲಾದ ಜಾತಿಗಳಿಗೆ ನೀರು ಬೆರಸಿ ತೆಳ್ಳಗೆ ಮಾಡುವುದು ಯುಕ್ತ. ಗುಳಿಗೆಯನ್ನು ಮರೆಮಾಡಲು ಕಡಲೆಕಾಳಿನಷ್ಟು ಮುದ್ದೆ ಸಾಕು. ಮನೆಯಲ್ಲಿ ಶೇಂಗಾ ಒಗ್ಗದ ಮಗುವಿದ್ದರೆ ಮಾತ್ರ ಈ ಪದ್ಧತಿಯನ್ನೇ ಕೈಬಿಡತಕ್ಕದ್ದು. ನಾಯಿಯ ನಾಲಗೆ ಮಗುವಿನ ಕೆನ್ನೆಯನ್ನು ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಜೈಲಿಟಾಲ್ ಇರುವ ಪದಾರ್ಥವನ್ನು ನಾಯಿ ತಿಂದಿತೆಂದು ಗೊತ್ತಾದರೆ, ಲಕ್ಷಣಗಳು ತೋರಲೆಂದು ಕಾಯದೆ ಆ ಕ್ಷಣವೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಮತ್ತೊಂದು ಅಪಾಯಕ್ಕೆ ದಾರಿ. ಇದ್ದಿಲಿನ ಪುಡಿ ಈ ವಿಷವನ್ನು ಚೆನ್ನಾಗಿ ಹೀರುವುದಿಲ್ಲ. ದಾರಿಯಲ್ಲಿ ನಾಯಿ ಬಳಲಿ ತೂಗಾಡಿದರೆ ವಸಡಿಗೆ ಜೇನನ್ನೋ ಸಕ್ಕರೆಪಾಕವನ್ನೋ ಸವರುವುದರಿಂದ ಸ್ವಲ್ಪ ಹೊತ್ತು ಆಸರೆ ದೊರೆಯುತ್ತದೆ. ಅದು ಚಿಕಿತ್ಸೆಗೆ ಬದಲಾಗದು. ನಾಯಿಯ ತೂಕ, ತಿಂದ ಅಂದಾಜು, ತಿಂದ ವೇಳೆ, ಈ ಮೂರನ್ನೂ ಗುರುತುಹಾಕಿಕೊಂಡು ಬಾಟಲಿಯನ್ನೂ ಜತೆಗೆ ಒಯ್ದರೆ ವೈದ್ಯರು ಗ್ಲೂಕೋಸನ್ನು ರಕ್ತನಾಳಕ್ಕೆ ಏರಿಸಲು ತಡಮಾಡಬೇಕಾಗುವುದಿಲ್ಲ. ನಾಯಿ ಅಂದೇ ಚೇತರಿಸಿಕೊಂಡು ಬಾಲ ಆಡಿಸಿದರೂ ಯಕೃತ್ತಿನ ಹಾನಿ ಎರಡು ಮೂರು ದಿನ ತಡವಾಗಿ ಹೊರಬೀಳುವುದುಂಟಾದ ಕಾರಣ, ಮೂರನೆಯ ದಿನದವರೆಗೂ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದಷ್ಟು ಸಲ ಮಾಡಿಸತಕ್ಕದ್ದು.